ಪಟ್ಟಿ ಉಂಟು, ನಮಗೆ ನೋಡಲಿಕ್ಕಿಲ್ಲ

ಲೈಂಗಿಕ ಅಪರಾಧಿಗಳ ಪಟ್ಟಿಯ ಬಗ್ಗೆ ಕಾಸರಗೋಡು, ಮಂಜೇಶ್ವರ ತಾಲೂಕುಗಳ ಓದುಗರು ಕೇಳಿದ ಐದು ಪ್ರಶ್ನೆಗಳಿಗೆ ಈ ಸಲ ಉತ್ತರಿಸಿದ್ದೇವೆ. ಬರೆದವರ ಹೆಸರು ಬಿಟ್ಟು ಊರು ಮಾತ್ರ ಉಳಿಸಿಕೊಂಡಿದ್ದೇವೆ.

ಕುಂಬಳೆಯಿಂದ: ನಮ್ಮದು ಆರು ಕೋಣೆಗಳ ಕ್ವಾರ್ಟರ್ಸ್. ಹೊರರಾಜ್ಯದ ಕೆಲಸದವರು, ಮಂಗಳೂರು ಕಡೆಯವರು ಬಾಡಿಗೆಗಿದ್ದಾರೆ. ಮೊಮ್ಮಕ್ಕಳು ಅದೇ ಅಂಗಳದಲ್ಲಿ ಆಡುವುದು. ಸರಕಾರದ ಹತ್ತಿರ ಇಂಥ ಅಪರಾಧಿಗಳ ಪಟ್ಟಿ ಉಂಟಂತೆ. ಫೋನಿನಲ್ಲಿ ನೋಡುವುದು ಹೇಗೆ?

ಪಟ್ಟಿ ಉಂಟು, ಆದರೆ ನಿಮಗೆ ನೋಡಲಿಕ್ಕಿಲ್ಲ. ಕೇಂದ್ರ ಗೃಹ ಸಚಿವಾಲಯ 2018ರ ಸೆಪ್ಟೆಂಬರ್ 20ರಂದು ಲೈಂಗಿಕ ಅಪರಾಧಿಗಳ ರಾಷ್ಟ್ರೀಯ ದತ್ತಾಂಶ ಸಂಗ್ರಹವನ್ನು ಶುರು ಮಾಡಿತು. ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೊ ಅದನ್ನು ನೋಡಿಕೊಳ್ಳುತ್ತದೆ. ಆರಂಭದಲ್ಲೇ 4.4 ಲಕ್ಷ ನಮೂದುಗಳಿದ್ದವು. ಅತ್ಯಾಚಾರ, ಸಾಮೂಹಿಕ ಅತ್ಯಾಚಾರ, ಪೋಕ್ಸೊ (ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ಕಾಪಾಡುವ ಕಾನೂನು), ಹೆಣ್ಣುಮಕ್ಕಳನ್ನು ಚುಡಾಯಿಸಿದ್ದು ಇಂಥ ಕೇಸುಗಳಲ್ಲಿ ಶಿಕ್ಷೆಯಾದವರ ಹೆಸರು, ವಿಳಾಸ, ಫೋಟೊ, ಬೆರಳಚ್ಚು ಅದರಲ್ಲಿರುತ್ತವೆ. ಅದು ತೆರೆಯುವುದು ಪೊಲೀಸರು, ತನಿಖಾ ಸಂಸ್ಥೆಗಳ ಲಾಗಿನ್‌ಗೆ ಮಾತ್ರ. ಫೋನಿನಲ್ಲಿ ಆ ಹೆಸರಿನ ಆ್ಯಪ್ ಏನಾದರೂ ಕಂಡರೆ ಅದು ಮೋಸ, ನಂಬಬೇಡಿ.

ಇನ್ನೊಂದು ಮಾತು ಹೆಚ್ಚಿನವರಿಗೆ ಗೊತ್ತಿಲ್ಲ. ನಮ್ಮಲ್ಲಿ ಶಿಕ್ಷೆ ಮುಗಿಸಿ ಹೊರಬಂದವನು ಮನೆ ಬದಲಾಯಿಸಿದಾಗೆಲ್ಲ ಠಾಣೆಗೆ ಹೇಳಲೇಬೇಕು ಎಂಬ ಕಡ್ಡಾಯವಿಲ್ಲ. ಕೆಲವು ಗಂಭೀರ ಅಪರಾಧಗಳಲ್ಲಿ ಎರಡನೆಯ ಸಲ ಶಿಕ್ಷೆಯಾದವನಿಗೆ, ಅದೂ ನ್ಯಾಯಾಲಯಕ್ಕೆ ಬೇಕೆನಿಸಿದರೆ, ಬಿಡುಗಡೆಯ ಬಳಿಕ ಹೆಚ್ಚೆಂದರೆ 5 ವರ್ಷ ವಿಳಾಸ ತಿಳಿಸುವಂತೆ ಆದೇಶಿಸಬಹುದು. ಆ ಮಾಹಿತಿಯೂ ಪೊಲೀಸರಿಗೆ ಹೋಗುತ್ತದೆ, ನೆರೆಕರೆಗಲ್ಲ. ಹಾಗಾಗಿ ಪಟ್ಟಿ ನಿಮ್ಮ ಕೈಗೆ ಸಿಕ್ಕಿದರೂ ಅದರಲ್ಲಿರುವ ವಿಳಾಸ ಹಳೆಯದಾಗಿರಬಹುದು.

ನೀವು ಮಾಡಬಹುದಾದ್ದು: ಬಾಡಿಗೆಗೆ ಬರುವ ಪ್ರತಿಯೊಬ್ಬರ ಗುರುತಿನ ಚೀಟಿಯ ಪ್ರತಿ, ಊರಿನ ವಿಳಾಸ, ಈ ಮೊದಲು ಇದ್ದ ಜಾಗ, ಕೆಲಸ ಕೊಟ್ಟವರ ಫೋನ್ ನಂಬರ್ ತೆಗೆದುಕೊಂಡು ಠಾಣೆಗೆ ಕೊಡಿ, ಕೊಟ್ಟದ್ದಕ್ಕೆ ಸ್ವೀಕೃತಿ ಪಡೆಯಿರಿ. ಒಂದೇ ಕೋಣೆಗೆ ಒಬ್ಬನ ಹೆಸರು ಬರೆದು ಐದು ಜನ ಇರುವುದೇ ನಮ್ಮ ಕ್ವಾರ್ಟರ್ಸ್‌ಗಳಲ್ಲಿ ನಡೆಯುವ ದೊಡ್ಡ ತಪ್ಪು. ಆದರೆ ಹೆದರಿಕೆಯನ್ನೆಲ್ಲ ಹೊರಗಿನವರ ಮೇಲೆ ಹಾಕಬೇಡಿ. ಮಕ್ಕಳ ಮೇಲಿನ ಅತ್ಯಾಚಾರದ ಕೇಸುಗಳಲ್ಲಿ ನೂರಕ್ಕೆ 90ಕ್ಕಿಂತ ಹೆಚ್ಚಿನವುಗಳಲ್ಲಿ ಆರೋಪಿ ಮಗುವಿಗೆ ಗೊತ್ತಿದ್ದವನೇ ಎಂದು ಅದೇ ಬ್ಯೂರೊದ ವರದಿಗಳು ಹೇಳುತ್ತವೆ. ಮನೆಯವರು, ಬಂಧುಗಳು, ನೆರೆಯವರು, ಕಲಿಸುವವರು ಎಲ್ಲರೂ ಆ ಲೆಕ್ಕದಲ್ಲಿದ್ದಾರೆ.

ನೀರ್ಚಾಲಿನಿಂದ: ಮಗ ಸೊಸೆ ಅಮೆರಿಕದ ನ್ಯೂಜೆರ್ಸಿಯಲ್ಲಿ ಮನೆ ನೋಡುತ್ತಿದ್ದಾರೆ. ಅಲ್ಲಿ ಅಪರಾಧಿಗಳ ಮನೆ ಎಲ್ಲಿದೆ ಎಂದು ಇಂಟರ್ನೆಟ್ಟಿನಲ್ಲೇ ಕಾಣುತ್ತದಂತೆ, ನಿಜವೆ? ಇಲ್ಲಿ ಯಾಕಿಲ್ಲ?

ನಿಜ, ಆದರೆ ಎಲ್ಲರದ್ದೂ ಕಾಣುವುದಿಲ್ಲ. ಇಂಥ ಅಪರಾಧಿಗಳ ನೋಂದಣಿಗೆಂದು ನ್ಯೂಜೆರ್ಸಿ ಮಾಡಿದ ಮೇಗನ್ ಕಾನೂನು 1994ರದ್ದು. ಶಿಕ್ಷೆ ಮುಗಿಸಿ ಹೊರಬಂದವನು ಪೊಲೀಸರಲ್ಲಿ ನೋಂದಾಯಿಸಿಕೊಳ್ಳಬೇಕು, ಮನೆ ಬದಲಿಸುವ 10 ದಿನ ಮೊದಲೇ ತಿಳಿಸಬೇಕು, ವರ್ಷಕ್ಕೊಮ್ಮೆ ವಿಳಾಸ ಖಚಿತಪಡಿಸಬೇಕು; ಚಟದಂತೆ ಮತ್ತೆ ಮತ್ತೆ ಎಸಗಿದವನೆಂದು ನ್ಯಾಯಾಲಯ ಕಂಡುಕೊಂಡಿದ್ದರೆ 90 ದಿನಕ್ಕೊಮ್ಮೆ. ಮತ್ತೆ ಎಸಗುವ ಅಪಾಯ ಎಷ್ಟೆಂದು ಸರಕಾರಿ ವಕೀಲರ ಕಚೇರಿ 13 ಅಂಶಗಳ ಮಾಪನದಲ್ಲಿ ಅಂಕ ಹಾಕಿ ಅವನನ್ನು ಮೂರರಲ್ಲಿ ಒಂದು ಶ್ರೇಣಿಗೆ ಸೇರಿಸುತ್ತದೆ. 1ನೇ ಶ್ರೇಣಿಯಾದರೆ ವಿಷಯ ಪೊಲೀಸರಿಗಷ್ಟೇ. 2ನೆಯದಾದರೆ ಶಾಲೆ, ಶಿಶುಪಾಲನಾ ಕೇಂದ್ರ, ಮಕ್ಕಳ ಶಿಬಿರಗಳಿಗೂ ಸೂಚನೆ ಹೋಗುತ್ತದೆ. 3ನೆಯದಾದರೆ ಪೊಲೀಸರು ಮನೆಮನೆಗೆ ಬಂದು ಕಾಗದ ಕೊಡುತ್ತಾರೆ. ವೆಬ್‌ಸೈಟಿನಲ್ಲಿ ಸಿಗುವುದು 3ನೇ ಶ್ರೇಣಿಯವರು ಮತ್ತು 2ನೇ ಶ್ರೇಣಿಯ ಕೆಲವರು. ಆದ್ದರಿಂದ ಹುಡುಕಿ ಯಾರೂ ಸಿಗದಿದ್ದರೆ ಆ ಬೀದಿಯಲ್ಲಿ ಯಾರೂ ಇಲ್ಲ ಎಂದರ್ಥವಲ್ಲ ಎಂದು ಮಗನಿಗೆ ಹೇಳಿ. ಸಿಕ್ಕ ಮಾಹಿತಿ ಹಿಡಿದು ಆ ಮನುಷ್ಯನನ್ನು ಪೀಡಿಸಿದರೆ ಅದೂ ಅಪರಾಧ.

ಇದು ಆ ಒಂದು ರಾಜ್ಯದ ಕ್ರಮ. ಅಮೆರಿಕದ ಒಕ್ಕೂಟ ಸರಕಾರದ 2006ರ ಕಾನೂನಿನ ಶ್ರೇಣಿಗಳು ಬೇರೆ: ಎಸಗಿದ ಅಪರಾಧ ಯಾವುದು ಎಂಬುದರ ಮೇಲೆ 15 ವರ್ಷ, 25 ವರ್ಷ ಅಥವಾ ಆಜೀವ ನೋಂದಣಿ, ಠಾಣೆಗೆ ಖುದ್ದು ಹಾಜರಾಗಬೇಕಾದ್ದು ಕ್ರಮವಾಗಿ ವರ್ಷಕ್ಕೊಮ್ಮೆ, 6 ತಿಂಗಳಿಗೊಮ್ಮೆ, 3 ತಿಂಗಳಿಗೊಮ್ಮೆ.

ಇನ್ನು ಇಲ್ಲಿಯ ಮಾತು. ಕೇರಳದಲ್ಲೂ 2017ರ ನೀತಿ ಭಾಷಣದಲ್ಲಿ ಇಂಥ ನೋಂದಣಿ ಪುಸ್ತಕದ ಮಾತು ಬಂದಿತ್ತು. ಆದರೆ ಊರಿಗೆಲ್ಲ ಗೊತ್ತಾದವರನ್ನು ದೂರವಿಡಲು ಹೊರಟರೆ ಏನಾಗುತ್ತದೆಂದು ನೋಡಲು ಅಮೆರಿಕದ ಮಯಾಮಿಯ ಉದಾಹರಣೆ ಸಾಕು. ಇಂಥ ಅಪರಾಧಿಗಳು ಶಾಲೆಯಿಂದ 2,500 ಅಡಿಯೊಳಗೆ ವಾಸಿಸಬಾರದು ಎಂದು ಅಲ್ಲಿನ ಸ್ಥಳೀಯ ಆಡಳಿತ ನಿಯಮ ಮಾಡಿತು. ಊರೊಳಗೆ ಮನೆಯೇ ಸಿಗದೆ ಹತ್ತಾರು ಮಂದಿ ಸಮುದ್ರದ ಸೇತುವೆಯ ಕೆಳಗೆ ಡೇರೆ ಹಾಕಿ ಕೂತರು. 2010ರವರೆಗೂ ಆ ಶಿಬಿರ ಇತ್ತು. ವಿಳಾಸ ಇಲ್ಲದವನ ಮೇಲೆ ಕಣ್ಣಿಡುವುದು ಪೊಲೀಸರಿಗೇ ಕಷ್ಟ. ಬ್ರಿಟನ್ನಿನ ಕ್ರಮ ನಮಗೆ ಹೆಚ್ಚು ಸರಿಕಾಣುತ್ತದೆ. ಅಲ್ಲಿ ನೋಂದಣಿ ಗುಟ್ಟಿನದು. ಆದರೆ ಒಂದು ಮಗುವಿನ ಹತ್ತಿರ ಓಡಾಡುವ ನಿರ್ದಿಷ್ಟ ವ್ಯಕ್ತಿಯ ಬಗ್ಗೆ ಯಾರು ಬೇಕಾದರೂ ಪೊಲೀಸರಲ್ಲಿ ವಿಚಾರಿಸಬಹುದು. ಅಪಾಯ ಕಂಡರೆ ಆ ಮಗುವನ್ನು ಕಾಪಾಡಬಲ್ಲವರಿಗೆ ಮಾತ್ರ, ಗುಟ್ಟಾಗಿಡಬೇಕೆಂಬ ಷರತ್ತಿನ ಮೇಲೆ, ಉತ್ತರ ಸಿಗುತ್ತದೆ.

ಬದಿಯಡ್ಕದಿಂದ: ನಮ್ಮದು ಕನ್ನಡ ಮಾಧ್ಯಮದ ಎಯ್ಡೆಡ್ ಶಾಲೆ. ಹೊಸ ವ್ಯಾನ್ ಚಾಲಕ ಪುತ್ತೂರು ಕಡೆಯವರು. ಯಕ್ಷಗಾನ ಕಲಿಸಲು ವಾರಕ್ಕೊಮ್ಮೆ ಒಬ್ಬರು ಬರುತ್ತಾರೆ. ಯಾರ ಯಾರ ಪೊಲೀಸ್ ಪರಿಶೀಲನೆ ಆಗಬೇಕು?

ಇಬ್ಬರದ್ದೂ. 2020ರ ಪೋಕ್ಸೊ ನಿಯಮಗಳ 3ನೇ ನಿಯಮದ ಪ್ರಕಾರ ಮಕ್ಕಳ ಸಂಪರ್ಕಕ್ಕೆ ಬರುವ ಪ್ರತಿಯೊಬ್ಬ ನೌಕರನ ಪೊಲೀಸ್ ಪರಿಶೀಲನೆಯನ್ನು ಸಂಸ್ಥೆ ಮಾಡಿಸಬೇಕು. ಕಲಿಸುವವರಿರಲಿ ಕಲಿಸದವರಿರಲಿ, ಕಾಯಂ ಇರಲಿ ಗುತ್ತಿಗೆ ಇರಲಿ. ಒಮ್ಮೆ ಮಾಡಿಸಿ ಕಪಾಟಿನಲ್ಲಿಟ್ಟರೆ ಸಾಲದು, ಆಗಾಗ ಮಾಡಿಸಬೇಕು. ‘ಅವರು ನಮ್ಮ ನೌಕರರಲ್ಲ, ಗೌರವಧನಕ್ಕೆ ಬರುವವರು’ ಎಂಬ ನೆಪ ಹೂಡಬೇಡಿ. ಮಕ್ಕಳೊಡನೆ ಒಬ್ಬರೇ ಇರುವ ಅವಕಾಶ ಹೆಚ್ಚು ಸಿಗುವುದು ಇಂಥವರಿಗೇ. ಊಟ ಬಡಿಸುವವರು, ಕ್ರೀಡೆ ಕಲಿಸುವವರು, ವ್ಯಾನಿನ ಆಯಾ ಯಾರನ್ನೂ ಬಿಡಬೇಡಿ.

ಕೇರಳದಲ್ಲಿ ವಾಸ ಇರುವವರು ಕೇರಳ ಪೊಲೀಸರ ತುಣ ಪೋರ್ಟಲ್ ಅಥವಾ ಪೊಲ್-ಆ್ಯಪ್‌ನಲ್ಲಿ, ಅಪರಾಧಗಳಲ್ಲಿ ಭಾಗಿಯಾಗಿಲ್ಲ ಎಂಬ ಪ್ರಮಾಣಪತ್ರಕ್ಕೆ ತಾವೇ ಅರ್ಜಿ ಹಾಕಬೇಕು. ಕರ್ನಾಟಕದವರಿಗೆ ಅಲ್ಲಿನ ಸರಕಾರದ ಸೇವಾ ಸಿಂಧು ಪೋರ್ಟಲ್. ಪಾಸ್‌ಪೋರ್ಟ್ ಕಚೇರಿಯ ಪ್ರಮಾಣಪತ್ರ ವಿದೇಶದ ಕೆಲಸಕ್ಕೆ, ಅದು ನಿಮಗೆ ಬೇಡ. ಚಾಲಕ ಈಗ ಬದಿಯಡ್ಕದಲ್ಲಿ ಬಾಡಿಗೆಗಿದ್ದರೆ ಕೇರಳದ್ದೊಂದೇ ತಂದು ಕೊಡಬಹುದು. ಅದನ್ನು ಒಪ್ಪಬೇಡಿ. ಹತ್ತು ವರ್ಷ ಬಾಳಿದ ಊರಿನ ಚರಿತ್ರೆ ಕರ್ನಾಟಕದ ಠಾಣೆಯಲ್ಲಿರುವಾಗ ಆರು ತಿಂಗಳ ಕೇರಳದ ಕಾಗದಕ್ಕೆ ಏನು ಬೆಲೆ? ಎರಡೂ ರಾಜ್ಯದ್ದು ಕೇಳಿ.

ಗಡಿಯಲ್ಲಿ ತಪ್ಪು ನುಸುಳುವುದು ಹೆಸರಿನಲ್ಲಿ. ಕನ್ನಡದ ನಾರಾಯಣ ಮಲಯಾಳದ ದಾಖಲೆಯಲ್ಲಿ ನಾರಾಯಣನ್ ಆಗುತ್ತಾನೆ. ಆಧಾರಿನಲ್ಲಿ ತಂದೆಯ ಹೆಸರಿನ ಅಕ್ಷರ ಮುಂದಿದ್ದರೆ ಮತದಾರರ ಚೀಟಿಯಲ್ಲಿ ಮನೆಹೆಸರು ಹಿಂದೆ. ಅರ್ಜಿಯಲ್ಲಿ ಆಧಾರಿನ ಹೆಸರೊಂದನ್ನೇ ಬರೆದರೆ ಹಳೆಯ ಕೇಸು ಬೇರೆ ಕಾಗುಣಿತದಲ್ಲಿ ಉಳಿದುಬಿಡುತ್ತದೆ. ಕರೆಯುವ ಹೆಸರು, ತಂದೆಯ ಹೆಸರು, ಮನೆಹೆಸರು, ಹಿಂದಿನ ವಿಳಾಸಗಳನ್ನು ಬರೆಸಿಕೊಂಡು ಅರ್ಜಿಯ ಜೊತೆಗಿರುವ ಎಲ್ಲ ಚೀಟಿಗಳೊಂದಿಗೆ ತಾಳೆ ನೋಡಿ. ಹಿಂದಿನ ಶಾಲೆಗೆ ನೀವೇ ಫೋನ್ ಮಾಡಿ ‘ಇವರನ್ನು ಮತ್ತೆ ಕೆಲಸಕ್ಕೆ ಸೇರಿಸಿಕೊಳ್ಳುತ್ತೀರಾ?’ ಎಂದು ಕೇಳಿ. ದೂರು ಆಗದೆ ಮಾತುಕತೆಯಲ್ಲಿ ಮುಗಿಸಿ ಕಳಿಸಿದ ಸಂಗತಿ ಯಾವ ಪ್ರಮಾಣಪತ್ರದಲ್ಲೂ ಬರುವುದಿಲ್ಲ.

ಹಾಗೆ ಮುಗಿಸಿ ಕಳಿಸುವುದು ಸ್ವತಃ ಅಪರಾಧ. ವಿಷಯ ಗೊತ್ತಾದವರು ಪೊಲೀಸರಿಗೆ ತಿಳಿಸಲೇಬೇಕು ಎನ್ನುತ್ತದೆ ಪೋಕ್ಸೊ 19ನೇ ಕಲಮು. ತಿಳಿಸದಿದ್ದರೆ 6 ತಿಂಗಳವರೆಗೆ ಜೈಲು ಅಥವಾ ದಂಡ ಅಥವಾ ಎರಡೂ; ತನ್ನ ಕೈಕೆಳಗಿನವರು ಮಾಡಿದ್ದನ್ನು ಸಂಸ್ಥೆಯ ಮುಖ್ಯಸ್ಥ ಮುಚ್ಚಿಟ್ಟರೆ ಒಂದು ವರ್ಷದವರೆಗೆ ಜೈಲು ಮತ್ತು ದಂಡ.

ಉಪ್ಪಳದಿಂದ: ಪೋಕ್ಸೊ ಕೇಸಿನ ಒಬ್ಬ ಜಾಮೀನಿನಲ್ಲಿ ಹೊರಬಂದಿದ್ದಾನೆ. ಎಚ್ಚರಿಕೆಗೆಂದು ಅವನ ಫೋಟೊ ನಮ್ಮ ವಾಟ್ಸ್ಆ್ಯಪ್ ಗುಂಪಿಗೆ ಹಾಕಿದ್ದಾರೆ. ನಾನು ಅಡ್ಮಿನ್. ಇಟ್ಟುಕೊಳ್ಳಬಹುದೆ?

ತೆಗೆಸಿಬಿಡಿ. ಅವನು ಇನ್ನೂ ಆರೋಪಿ. ಅದಕ್ಕಿಂತ ದೊಡ್ಡ ತೊಡಕು ಮಗುವಿನದು. ಆರೋಪಿ ಮಾವನೋ ಪಕ್ಕದ ಮನೆಯವನೋ ಆಗಿದ್ದರೆ ಅವನ ಹೆಸರು ಹೇಳಿದೊಡನೆ ಮಗು ಯಾರೆಂದು ಊರಿಗೆ ಗೊತ್ತಾಗುತ್ತದೆ. ಮಗುವಿನ ಗುರುತು ಬಯಲು ಮಾಡುವುದು ಪೋಕ್ಸೊ 23ನೇ ಕಲಮಿನಡಿ, ಭಾರತೀಯ ನ್ಯಾಯ ಸಂಹಿತೆಯ 72ನೇ ಕಲಮಿನಡಿ ಅಪರಾಧ. ಹೆಸರೇ ಹೇಳಬೇಕೆಂದಿಲ್ಲ, ಶಾಲೆ, ಮನೆ, ನೆರೆಕರೆ ಹೇಳಿದರೂ ಆಯಿತು. ಅವನು ಜಾಮೀನಿನ ಷರತ್ತು ಮುರಿದು ಮಗುವಿನ ಮನೆ ಕಡೆ ಸುಳಿದರೆ ದಿನಾಂಕ, ಸಮಯ ಬರೆದು ಠಾಣೆಗೆ ಕೊಡಿ. ಜಾಮೀನು ರದ್ದತಿಗೆ ಬೇಕಾದ್ದು ಆ ಕಾಗದ.

ಪೆರ್ಲದಿಂದ: ನಮ್ಮ ಮನೆಯ ಮಗುವಿನ ಕೇಸು ನಡೆಯುತ್ತಿದೆ. ಆರೋಪಿ ಬಿಡುಗಡೆಯಾದದ್ದು ನಮಗೆ ಪೇಟೆಯಲ್ಲಿ ಗೊತ್ತಾಯಿತು. ಹೇಳಿಕೆಯನ್ನೂ ಮಲಯಾಳದಲ್ಲಿ ಬರೆದುಕೊಂಡಿದ್ದಾರೆ, ನಮಗೆ ಓದಲು ಬಾರದು.

ಊರಿಗೆ ತಿಳಿಸುವ ಕಾನೂನು ನಮ್ಮಲ್ಲಿ ಇಲ್ಲ. ನಿಮಗೆ ತಿಳಿಸುವ ಕಾನೂನು ಉಂಟು. ಬಂಧನ, ಆರೋಪಪಟ್ಟಿ, ವಿಚಾರಣೆಯ ದಿನ, ಜಾಮೀನು, ಬಿಡುಗಡೆ, ತೀರ್ಪು ಎಲ್ಲವನ್ನೂ ಮಗುವಿನ ಕಡೆಯವರಿಗೆ ಪೊಲೀಸರೇ ತಿಳಿಸಬೇಕು ಎಂದು 2020ರ ಪೋಕ್ಸೊ ನಿಯಮಗಳ 4ನೇ ನಿಯಮದಲ್ಲಿದೆ. ಅದನ್ನು ಕೇಳಿ ಪಡೆಯುವವರು ಕಡಿಮೆ. ಅಪರಾಧ ಸಂಖ್ಯೆ, ಕಲಮು, ನಿಮ್ಮ ಫೋನ್ ನಂಬರ್ ಬರೆದು, ಇನ್ನು ಮುಂದಿನ ಪ್ರತಿಯೊಂದು ಬೆಳವಣಿಗೆಯನ್ನೂ ತಿಳಿಸಬೇಕೆಂದು ಠಾಣಾಧಿಕಾರಿಗೆ ಅರ್ಜಿ ಕೊಡಿ. ಒಂದು ಪ್ರತಿ ಸರಕಾರಿ ವಕೀಲರಿಗೆ, ಇನ್ನೊಂದು ಮಕ್ಕಳ ಕಲ್ಯಾಣ ಸಮಿತಿಗೆ. ಕೇಸಿನುದ್ದಕ್ಕೂ ಮಗುವಿನ ಜೊತೆಗಿದ್ದು ನೆರವಾಗಲು ನಿಮಗೊಬ್ಬ ಬೆಂಬಲ ವ್ಯಕ್ತಿಯನ್ನು ನೇಮಿಸುವಂತೆಯೂ ಸಮಿತಿಯನ್ನು ಕೇಳಿ. ಮಗು 16ಕ್ಕಿಂತ ಚಿಕ್ಕದಿದ್ದು ಕೇಸು ಅತ್ಯಾಚಾರದ್ದಾದರೆ, ಜಾಮೀನಿನ ವಿಚಾರಣೆಯಲ್ಲಿ ದೂರು ಕೊಟ್ಟವರು ಅಥವಾ ಅವರ ಪರವಾಗಿ ಒಬ್ಬರು ಹಾಜರಿರಲೇಬೇಕು. ನಿಮ್ಮನ್ನು ಕರೆಯದೆ ಜಾಮೀನು ಆಗಿದ್ದರೆ ವಕೀಲರ ಮೂಲಕ ಅದನ್ನೇ ಎತ್ತಿ.

ಭಾಷೆಯ ವಿಷಯ ಸಣ್ಣದೆಂದು ಬಿಡಬೇಡಿ. ಮಗುವಿಗೆ ತಿಳಿಯದ ಭಾಷೆಯಲ್ಲಿ ಬರೆದುಕೊಂಡರೆ ಅನುವಾದಕರನ್ನು ಒದಗಿಸಬೇಕು ಎಂದು ಪೋಕ್ಸೊ 19ನೇ ಕಲಮೇ ಹೇಳುತ್ತದೆ. ನ್ಯಾಯಾಲಯದ ಸಾಕ್ಷ್ಯಕ್ಕೆ 38ನೇ ಕಲಮು. ಪೆರ್ಲದ ಕಡೆಯ ಮಕ್ಕಳ ಮನೆಮಾತು ತುಳುವೋ ಹವ್ಯಕ ಕನ್ನಡವೋ ಮರಾಠಿಯೋ ಬ್ಯಾರಿಯೋ ಆಗಿರಬಹುದು. ಶಾಲೆಯ ಕನ್ನಡ ಗೊತ್ತಿದ್ದ ಮಾತ್ರಕ್ಕೆ ಇಂಥದ್ದನ್ನು ಅದರಲ್ಲಿ ಹೇಳಲು ಬರುವುದಿಲ್ಲ. ಮುಟ್ಟಿದ್ದು ಎಂದು ಬರೆದರೆ 7ನೇ ಕಲಮು, 3ರಿಂದ 5 ವರ್ಷ ಶಿಕ್ಷೆ. ಮಗು ಹೇಳಿದ್ದು ಅದಕ್ಕಿಂತ ಮುಂದಿನದಾಗಿದ್ದರೆ 3ನೇ ಕಲಮು, ಕನಿಷ್ಠ 10 ವರ್ಷ; ಮಗು 16ಕ್ಕಿಂತ ಚಿಕ್ಕದಾದರೆ ಕನಿಷ್ಠ 20. ಅನುವಾದದ ಒಂದು ಕ್ರಿಯಾಪದದಲ್ಲಿ ಇಷ್ಟು ವ್ಯತ್ಯಾಸ ಬೀಳುತ್ತದೆ. ಮಗು ಆಡಿದ ಮಾತನ್ನು ಅದರ ಮನೆಮಾತಿನಲ್ಲೇ, ಅಕ್ಷರ ಬದಲಿಸದೆ ಬರೆದುಕೊಂಡು, ಎದುರಿಗೆ ಅನುವಾದ ಹಾಕಿಸಿ. ಈಗಾಗಲೇ ಬರೆದದ್ದರಲ್ಲಿ ತಪ್ಪಿದ್ದರೆ ವಿಚಾರಣೆ ಶುರುವಾಗುವ ಮೊದಲೇ ಸರಕಾರಿ ವಕೀಲರಿಗೆ ಲಿಖಿತವಾಗಿ ತಿಳಿಸಿ.