ಬಿಪಿ ಕುಸಿದಿದ್ದರೂ ಕೈಕಾಲು ಬೆಚ್ಚಗಿದ್ದುದೇಕೆ?

ಪ್ರಶ್ನೆ: ನನ್ನ ಅತ್ತೆಯವರಿಗೆ 72 ವರ್ಷ. ಮೂತ್ರದ ಸೋಂಕು ರಕ್ತಕ್ಕೇರಿತೆಂದು ಅವರನ್ನು ಠಾಣೆ ನಗರದ ಆಸ್ಪತ್ರೆಯೊಂದರ ಐಸಿಯುವಿನಲ್ಲಿ ಒಂಬತ್ತು ದಿನ ಇರಿಸಿದ್ದರು. ಈಗ ಮನೆಗೆ ಬಂದಿದ್ದಾರೆ. ಮೊದಲ ದಿನ ಬಿಪಿ ತೀರಾ ಕುಸಿದಿದ್ದರೂ ಕೈಕಾಲು ಬೆಚ್ಚಗೇ ಇದ್ದವು. ಮೈಯಲ್ಲಿ ನೈಟ್ರಿಕ್ ಆಕ್ಸೈಡ್ ಹೆಚ್ಚಾಗಿ ರಕ್ತನಾಳಗಳು ಸಡಿಲವಾಗಿವೆ ಎಂದು ವೈದ್ಯರು ಹೇಳಿದರು. ಹಾಗಿದ್ದರೆ ಅದನ್ನು ತಡೆಯುವ ಔಷಧವನ್ನೇ ಏಕೆ ಕೊಡಲಿಲ್ಲ?
– ಓದುಗರೊಬ್ಬರು, ಡೊಂಬಿವಲಿ

ಉತ್ತರ: ನಿಮ್ಮ ಅತ್ತೆಯವರು ಮನೆಗೆ ಮರಳಿದ ಸುದ್ದಿ ಓದಿ ಸಮಾಧಾನವಾಯಿತು. ರಕ್ತಸ್ರಾವದಿಂದ ಬಿಪಿ ಇಳಿದವರ ಕೈಕಾಲು ತಣ್ಣಗಾಗುತ್ತವೆ, ಏಕೆಂದರೆ ಚರ್ಮದ ನಾಳಗಳು ಬಿಗಿದುಕೊಂಡು ಉಳಿದ ರಕ್ತವನ್ನು ಒಳಗಿನ ಅಂಗಗಳಿಗೆ ಬಿಟ್ಟುಕೊಡುತ್ತವೆ. ಸೆಪ್ಸಿಸ್‌ನ, ಅಂದರೆ ಸೋಂಕಿಗೆ ದೇಹ ಮಿತಿಮೀರಿ ಪ್ರತಿಕ್ರಿಯಿಸಿ ತನ್ನ ಅಂಗಗಳಿಗೇ ಪೆಟ್ಟು ಮಾಡಿಕೊಳ್ಳುವ ಸ್ಥಿತಿಯ, ಆರಂಭದಲ್ಲಿ ಅನೇಕರಲ್ಲಿ ಇದಕ್ಕೆ ವಿರುದ್ಧವಾಗಿ ನಾಳಗಳು ಹಿಗ್ಗುತ್ತವೆ. ನೀವು ಮುಟ್ಟಿ ನೋಡಿದ ಬಿಸಿ ಅದೇ.

ಮೂತ್ರದ ಸೋಂಕಿಗೆ ಸಾಮಾನ್ಯ ಕಾರಣವಾದ ಇ. ಕೋಲಿ ಬ್ಯಾಕ್ಟೀರಿಯಾದ ಹೊರಪೊರೆಯಲ್ಲಿ ಎಂಡೋಟಾಕ್ಸಿನ್ ಎಂಬ ವಸ್ತುವಿದೆ. ನಮ್ಮ ರಕ್ಷಣಾಕೋಶಗಳ ಮೇಲಿನ ಟಿಎಲ್‌ಆರ್-4 ಎಂಬ ಗ್ರಾಹಕ ಇದನ್ನು ಗುರುತಿಸಿದೊಡನೆ ಟಿಎನ್‌ಎಫ್, ಇಂಟರ್‌ಲ್ಯೂಕಿನ್-1 ಮೊದಲಾದ ಸಂಕೇತಗಳು ಹೊರಡುತ್ತವೆ. ಈ ಗ್ರಾಹಕದ ಕೆಲಸವನ್ನು ಕಂಡುಹಿಡಿದ ಬ್ರೂಸ್ ಬಾಯ್ಟ್ಲರ್ 2011ರ ನೊಬೆಲ್ ಪಡೆದವರಲ್ಲೊಬ್ಬರು. ಆರೋಗ್ಯವಾಗಿರುವಾಗ ರಕ್ತನಾಳದ ಒಳಪದರವು ಒಂದು ಕಿಣ್ವದ (ಎನ್‌ಜೈಮ್) ನೆರವಿನಿಂದ ಆರ್ಜಿನಿನ್ ಎಂಬ ಅಮೈನೋ ಆಮ್ಲದಿಂದ ನೈಟ್ರಿಕ್ ಆಕ್ಸೈಡ್ ಅನಿಲವನ್ನು ಬೇಕಾದಾಗ ಬೇಕಾದಷ್ಟೇ ತಯಾರಿಸಿಕೊಳ್ಳುತ್ತದೆ. ಆದರೆ ಈ ಸಂಕೇತಗಳು ತಲುಪಿದಾಗ, ಮೊದಲು ಅಲ್ಲಿರದಿದ್ದ ಇನ್ನೊಂದು ಕಿಣ್ವ ಹುಟ್ಟಿಕೊಂಡು ಅದೇ ಅನಿಲವನ್ನು ಗಂಟೆಗಟ್ಟಲೆ ಎಡೆಬಿಡದೆ ಉತ್ಪಾದಿಸತೊಡಗುತ್ತದೆ. ನಾಳದ ಸ್ನಾಯು ಸಡಿಲುತ್ತದೆ, ಒತ್ತಡ ಕುಸಿಯುತ್ತದೆ, ಎಷ್ಟೋ ಸಲ ಸಲೈನ್ ಏರಿಸಿದರೂ ಅದು ನಿಲ್ಲುವುದಿಲ್ಲ.

ತಡೆಯುವ ಔಷಧವನ್ನು ವೈದ್ಯರು ನಿಜಕ್ಕೂ ಪ್ರಯತ್ನಿಸಿದ್ದಾರೆ. ಈ ಅನಿಲದ ತಯಾರಿಕೆಯನ್ನೇ ನಿಲ್ಲಿಸುವ ಔಷಧವೊಂದನ್ನು ಸೆಪ್ಟಿಕ್ ಶಾಕ್ (ಸೆಪ್ಸಿಸ್‌ನಿಂದ ಬಿಪಿ ಅಪಾಯಕರವಾಗಿ ಕುಸಿಯುವುದು) ಆಗಿದ್ದ 797 ರೋಗಿಗಳನ್ನೊಳಗೊಂಡ ಅಧ್ಯಯನದಲ್ಲಿ ಪರೀಕ್ಷಿಸಲಾಯಿತು. ಅದರ ಫಲಿತಾಂಶ 2004ರಲ್ಲಿ ಪ್ರಕಟವಾಯಿತು. ಬಿಪಿ ಏರಿತು, ಆದರೆ 28 ದಿನಗಳೊಳಗೆ ಔಷಧ ಪಡೆದವರಲ್ಲಿ ಶೇ. 59ರಷ್ಟು, ಪಡೆಯದವರಲ್ಲಿ ಶೇ. 49ರಷ್ಟು ಮಂದಿ ತೀರಿಕೊಂಡರು, ಹಾಗಾಗಿ ಅಧ್ಯಯನವನ್ನು ನಡುವೆಯೇ ನಿಲ್ಲಿಸಬೇಕಾಯಿತು. ಆ ಔಷಧಕ್ಕೆ ಎರಡು ಕಿಣ್ವಗಳ ನಡುವೆ ಭೇದವಿರಲಿಲ್ಲ. ಅತಿಯಾದ ಉತ್ಪಾದನೆಯ ಜೊತೆಗೆ, ಅಂಗಾಂಗಗಳ ಕೂದಲೆಳೆಯಂಥ ನಾಳಗಳನ್ನು ತೆರೆದಿಡುವ ನಿತ್ಯದ ಉತ್ಪಾದನೆಯೂ ನಿಂತಿತು, ಹೃದಯದ ಮೇಲೆ ಹೊರೆ ಬಿತ್ತು. ಮಾನಿಟರಿನ ಅಂಕಿ ಸರಿಯಾದ ಮಾತ್ರಕ್ಕೆ ರೋಗಿ ಸುಧಾರಿಸಿದರೆಂದು ತಿಳಿಯಬಾರದೆಂಬುದನ್ನು ನಾನು ಇಷ್ಟು ಒತ್ತಿ ಹೇಳುವುದು ಈ ಕಾರಣಕ್ಕೆ.

ಐಸಿಯುವಿನಲ್ಲಿ ಅತ್ತೆಯವರ ಬೆರಳ ತುದಿಯನ್ನು ಬಿಳಿಚುವಷ್ಟು ಒತ್ತಿಹಿಡಿದು ಬಿಟ್ಟು, ಕೆಂಪು ಮರಳಲು ಎಷ್ಟು ಸೆಕೆಂಡು ಬೇಕೆಂದು ಎಣಿಸುತ್ತಿದ್ದುದನ್ನು ನೀವು ನೋಡಿರಬಹುದು. ಮೂರು ಸೆಕೆಂಡು ಮೀರಿದರೆ, ಬಿಪಿ ಸರಿಯಿದ್ದರೂ ಸಣ್ಣ ನಾಳಗಳಿಗೆ ರಕ್ತ ಸಾಲುತ್ತಿಲ್ಲವೆಂಬ ಸಂಶಯ ಬರುತ್ತದೆ. ತಡೆಯುವ ಔಷಧ ಹೀಗೆ ಕೈಕೊಟ್ಟಿದ್ದರಿಂದಲೇ ಇಂದಿಗೂ ಬೇಗನೆ ಆ್ಯಂಟಿಬಯೋಟಿಕ್, ಅಳೆದು ಸಲೈನ್, ಸಾಲದಿದ್ದರೆ ನಾಳಗಳನ್ನು ಬಿಗಿಯಾಗಿಸುವ ನಾರ್‌ಅಡ್ರಿನಲಿನ್ ಕೊಡುತ್ತಾರೆ. ಈ ಕೊನೆಯದನ್ನು ಬೇಕಾದಂತೆ ಏರಿಸಬಹುದು, ಇಳಿಸಬಹುದು.

ಇನ್ನು ಮುಂದೆ ಅತ್ತೆಯವರಿಗೆ ಉರಿಮೂತ್ರದ ಜೊತೆ ಚಳಿ ಬಂದರೆ, ಉಸಿರಾಟ ವೇಗವಾದರೆ, ಮೂತ್ರ ಕಡಿಮೆಯಾದರೆ ಅಥವಾ ಮಾತು ತಡವರಿಸಿದರೆ ಬೆಳಗಾಗಲೆಂದು ಕಾಯಬೇಡಿ. ವಯಸ್ಸಾದವರಲ್ಲಿ ಜ್ವರ ಬಾರದೆಯೂ ಸೆಪ್ಸಿಸ್ ಆಗಬಹುದು. ಕೈ ಬೆಚ್ಚಗಿದೆಯೆಂದು ಧೈರ್ಯ ತಂದುಕೊಳ್ಳದೆ ಆ ರಾತ್ರಿಯೇ ಆಸ್ಪತ್ರೆಗೆ ಕರೆದೊಯ್ಯಿರಿ.