ಹಾಜರಿ ಪುಸ್ತಕದಲ್ಲಿ ಇಲ್ಲದ ಹೆಸರು

(ಗುರುತು ಸಿಗಬಾರದೆಂದು ಕೆಲವು ವಿವರ ಬದಲಿಸಿದ್ದೇನೆ. ಬರೆಯಲು ಹುಡುಗನ ಒಪ್ಪಿಗೆ ಇದೆ.)

ನವೆಂಬರ್‌ನಲ್ಲಿ ನನ್ನ ಬಳಿ ಆಪ್ತಸಮಾಲೋಚನೆಗೆ ಬಂದವನು ಉತ್ತರ ಕರ್ನಾಟಕದ ಹಳ್ಳಿಯ ಹುಡುಗ. ವಯಸ್ಸು 21. ನಿದ್ದೆ ಬರುತ್ತಿಲ್ಲ ಎಂದ. ಅರ್ಧ ಗಂಟೆ ಅದನ್ನೇ ಹೇಳಿದ. ಆಮೇಲೆ ತಲೆ ತಗ್ಗಿಸಿ, "ಮೇಡಂ, ನಾ ಇಲ್ಲಿ ಓದಾಕತ್ತಿಲ್ರಿ" ಎಂದ.

ದೊಡ್ಡ ವಿಶ್ವವಿದ್ಯಾಲಯವೊಂದರಲ್ಲಿ ಎಂಎ ಅರ್ಥಶಾಸ್ತ್ರಕ್ಕೆ ಅವನ ಹೆಸರು ಮೊದಲ ಪಟ್ಟಿಯಲ್ಲೇ ಬಂದಿತ್ತು. ಊರಲ್ಲಿ ಪೇಡೆ ಹಂಚಿದ್ದರು. ದಾಖಲೆ ಪರಿಶೀಲನೆಗೆ ಹೋದಾಗ ಹಿಂದುಳಿದ ವರ್ಗದ ಮೀಸಲಾತಿಗೆ ಬೇಕಾದ 2ಎ ಜಾತಿ-ಆದಾಯ ಪ್ರಮಾಣಪತ್ರದ ಅವಧಿ ಮುಗಿದಿತ್ತು. ನಾಡಕಚೇರಿಯಿಂದ ಹೊಸದು ಕೈಗೆ ಬರುವಷ್ಟರಲ್ಲಿ ಕೊನೆಯ ದಿನ ದಾಟಿತ್ತು. ಸೀಟು ಮುಂದಿನವರಿಗೆ ಹೋಯಿತು.

ಮನೆಯಲ್ಲಿ ಹೇಳಲಿಲ್ಲ. ಗೆಳೆಯನ ಹಾಸ್ಟೆಲ್ ರೂಮಿನಲ್ಲಿ ಉಳಿದ. ಮೊದಮೊದಲು ಕ್ಲಾಸಿಗೂ ಹೋಗಿ ಹಿಂದಿನ ಬೆಂಚಿನಲ್ಲಿ ಕೂರುತ್ತಿದ್ದ. ಅಷ್ಟು ಜನರ ನಡುವೆ ಯಾರೂ ಕೇಳಲಿಲ್ಲ. ಹಾಜರಿ ಕರೆಯಲು ಶುರುವಾದ ದಿನ ಎದ್ದು ಹೊರಬಂದವನು ಮತ್ತೆ ಹೋಗಲಿಲ್ಲ. ಹಗಲೆಲ್ಲ ಲೈಬ್ರರಿ, ಸಂಜೆ ಅಪ್ಪನ ಫೋನ್: "ಕ್ಲಾಸ್ ಆತೇನಪಾ?" "ಆತ್ರಿ ಅಪ್ಪಾ." ಎರಡು ತಿಂಗಳು ಹೀಗೇ.

ಸಾಯುವ ಯೋಚನೆ ಬಂದಿದೆಯಾ ಎಂದು ನೇರವಾಗಿ ಕೇಳಿದೆ. ಹೀಗೆ ಕೇಳಿದರೆ ಇಲ್ಲದ ಯೋಚನೆ ಹುಟ್ಟುತ್ತದೆ ಎಂದು ಹಲವರು ಹೆದರುತ್ತಾರೆ. ಹಾಗೇನೂ ಇಲ್ಲ, ಕೇಳಿದರೆ ಎದೆ ಹಗುರಾಗುವುದೇ ಜಾಸ್ತಿ. "ಒಮ್ಮೊಮ್ಮೆ ಬರ್ತದ್ರಿ" ಎಂದ. ಹುಡುಗನ ಒಪ್ಪಿಗೆಯಿಂದಲೇ ಗೆಳೆಯನನ್ನು ಕರೆಸಿ, ಮೂವರೂ ಕೂತು ಮಾತಾಡಿದೆವು. ರಾತ್ರಿ ಒಬ್ಬನೇ ಇರಬಾರದು ಎಂದು ಮಾಡಿಕೊಂಡೆವು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ನ 14416 ಸಂಖ್ಯೆಯನ್ನು ಇಬ್ಬರ ಫೋನಿನಲ್ಲೂ ಹಾಕಿಸಿದೆ. ಅದು ಉಚಿತ, ಯಾವ ಹೊತ್ತಿನಲ್ಲಾದರೂ ಕನ್ನಡದಲ್ಲೇ ಮಾತಾಡಬಹುದು.

ಮುಂದಿನ ಭೇಟಿಯಲ್ಲಿ ಒಂದು ಮಾತು ಸಿಕ್ಕಿತು. ಫೀಸಿಗೆಂದು ಅಪ್ಪ ಕೊಟ್ಟಿದ್ದ ಹಣವನ್ನು ಅವನು ಮುಟ್ಟೇ ಇರಲಿಲ್ಲ. ಸಂಜೆ ಜೆರಾಕ್ಸ್ ಅಂಗಡಿಯಲ್ಲಿ ದುಡಿದು ಉಣ್ಣುತ್ತಿದ್ದ. ಇವನು ಮೋಸಗಾರನಲ್ಲ. ಅಪ್ಪನ ಮುಖ ಬಾಡುವುದನ್ನು ನೋಡಲಾರದೆ ಸಿಕ್ಕಿಕೊಂಡ ಮಗ, ಅಷ್ಟೇ. ಅದನ್ನೇ ಅವನಿಗೆ ಹೇಳಿದೆ. ತುಂಬಾ ಹೊತ್ತು ಅತ್ತ.

"ಮನ್ಯಾಗ ಹೆಂಗ ಹೇಳ್ಲಿ ಮೇಡಂ?" ಫೋನಿನಲ್ಲಿ ಬೇಡ, ಊರಿಗೆ ಹೋಗು ಎಂದೆ. ಮೊದಲು ಅಕ್ಕನಿಗೆ ಹೇಳು, ಅವಳನ್ನು ಜೊತೆಗೆ ಕೂರಿಸಿಕೋ. ಪೀಠಿಕೆ ಹಾಕಬೇಡ, ಮೊದಲ ಮಾತೇ "ನನಗ ಸೀಟ್ ಸಿಗಲಿಲ್ಲ" ಅಂತಿರಲಿ. ಕಚೇರಿಯವರನ್ನು ಬೈಯುತ್ತಾ ಶುರು ಮಾಡಬೇಡ. ಹಣವನ್ನು ಅಪ್ಪನ ಕೈಗೇ ಕೊಡು. ಅವರು ಸಿಟ್ಟಾದರೆ ಆಗಲಿ, ಎದ್ದು ಹೋಗಬೇಡ. ನನ್ನೆದುರು ನಾಲ್ಕು ಸಲ ಹೇಳಿ ಅಭ್ಯಾಸ ಮಾಡಿದ.

ಓದಿನ ದಾರಿಯನ್ನೂ ನೋಡಿದೆವು. ದೂರಶಿಕ್ಷಣದಲ್ಲಿ ಜನವರಿಗೂ ಪ್ರವೇಶ ಇರುತ್ತದೆ. ಆದರೆ ಅವನಿಗೆ ಕ್ಲಾಸಿನಲ್ಲಿ ಕೂತೇ ಓದುವ ಆಸೆ. ಹಾಗಾದರೆ ಕೇಂದ್ರೀಯ ವಿಶ್ವವಿದ್ಯಾಲಯಗಳ ಸ್ನಾತಕೋತ್ತರ ಪ್ರವೇಶ ಪರೀಕ್ಷೆ ಸಿಯುಇಟಿ-ಪಿಜಿ ಬರಿ ಎಂದೆ. ಕಲಬುರಗಿ ಹತ್ತಿರ ಕಡಗಂಚಿಯಲ್ಲಿರುವ ಕೇಂದ್ರೀಯ ವಿಶ್ವವಿದ್ಯಾಲಯಕ್ಕೆ ಆ ಪರೀಕ್ಷೆಯೇ ದಾರಿ. ಅರ್ಥಶಾಸ್ತ್ರದ ಪ್ರಶ್ನೆಪತ್ರಿಕೆ ಕನ್ನಡದಲ್ಲಿ ಇರುವುದಿಲ್ಲ. ಅದಕ್ಕೇ ದಿನಕ್ಕೆ ಎರಡು ಪುಟ ಇಂಗ್ಲಿಷ್ ಪಠ್ಯ ಓದಲು ಹೇಳಿದೆ.

ಪಿಜಿಗೆ ಅರ್ಜಿ ಹಾಕುವ ಎಲ್ಲ ಮಕ್ಕಳಿಗೂ ಒಂದು ಮಾತು. ಆ 2ಎ ಜಾತಿ-ಆದಾಯ ಪ್ರಮಾಣಪತ್ರದ ಅವಧಿ 5 ವರ್ಷ. ಎಸ್‌ಎಸ್‌ಎಲ್‌ಸಿ ಮುಗಿದಾಗ ಮಾಡಿಸಿದ್ದು ಪಿಯುಸಿಯ 2, ಡಿಗ್ರಿಯ 3 ವರ್ಷ ಕಳೆಯುವಾಗ ಸರಿಯಾಗಿ ಮುಗಿಯುತ್ತದೆ. ಕೊನೆಯ ಸೆಮಿಸ್ಟರ್‌ನಲ್ಲೇ ತಾರೀಖು ನೋಡಿಕೊಳ್ಳಿ.

ಹುಡುಗ ಊರಿಗೆ ಹೋಗಿ ಹೇಳಿದ. ಸೀಟು ಹೋದದ್ದಕ್ಕಿಂತ ಮುಚ್ಚಿಟ್ಟದ್ದು ಅಪ್ಪನಿಗೆ ಜಾಸ್ತಿ ನೋವಾಗಿತ್ತು. ಎರಡು ದಿನ ಮಾತಾಡಲಿಲ್ಲವಂತೆ. ಮೂರನೆಯ ದಿನ ಬೆಳಿಗ್ಗೆ ಚಹಾ ಕುಡಿಯುತ್ತಾ, "ಮತ್ತ ಅರ್ಜಿ ಯಾವಾಗಂತ?" ಎಂದು ಕೇಳಿದರಂತೆ. ಅದನ್ನು ಹೇಳಲೆಂದೇ ಅವನು ನನಗೆ ಫೋನ್ ಮಾಡಿದ್ದ.