ನೋವೇ ಇಲ್ಲ, ಆದರೂ ಮಡಿಕೇರಿಯಲ್ಲಿ ಸ್ಕ್ಯಾನ್ ಮಾಡಿ ಫ್ಯಾಟಿ ಲಿವರ್ (ಲಿವರ್‌ನಲ್ಲಿ ಕೊಬ್ಬು ತುಂಬುವುದು) ಅಂದರು. ಚಿಂತೆ ಮಾಡಬೇಕಾ?

ಮಡಿಕೇರಿಯಲ್ಲಿ ಸ್ಕ್ಯಾನ್ ಮಾಡಿಸಿದ್ದು ಒಳ್ಳೆಯದೇ ಆಯಿತು. ಲಿವರ್ ಒಳಗೆ ನೋವು ತಿಳಿಸುವ ನರಗಳಿಲ್ಲ, ಹೊರಪೊರೆಯಲ್ಲಿ ಮಾತ್ರ ಇವೆ. ನೋವಿಲ್ಲ ಅಂತ ಸುಮ್ನೆ ಬಿಡಬೇಡಿ.

ಕರುಳಿನ ರಕ್ತ ಮೊದಲು ಹೋಗುವುದು ಸುಮಾರು 1.5 ಕಿಲೋ ತೂಗುವ ಈ ಅಂಗಕ್ಕೆ. ಅದು ಸಕ್ಕರೆ ಕೂಡಿಡುತ್ತದೆ, ಪಿತ್ತರಸ ಮಾಡುತ್ತದೆ, ಮದ್ಯವನ್ನು ಒಡೆಯುತ್ತದೆ, ವಿಷಕಾರಿ ಅಮೋನಿಯಾವನ್ನು ಮೂತ್ರದಲ್ಲಿ ಹೊರಹೋಗುವ ಯೂರಿಯಾ ಮಾಡುತ್ತದೆ. ಕೊಬ್ಬು ತುಂಬಿ ವರ್ಷಗಟ್ಟಲೆ ಉರಿಯೂತ ಉಳಿದರೆ ಒಳಗೆಲ್ಲ ಗಾಯದ ಕಲೆ ಕಟ್ಟಿ ಲಿವರ್ ಗಟ್ಟಿಯಾಗಬಹುದು. ಅದೇ ಸಿರೋಸಿಸ್. ಆಮೇಲೆ ಕಾಮಾಲೆ, ಹೊಟ್ಟೆಯಲ್ಲಿ ನೀರು, ಅಮೋನಿಯಾ ಏರಿ ತಲೆ ಮಂಕು.

ಬರೀ ಕೊಬ್ಬಿನ ಹಂತದಲ್ಲಿದ್ದರೆ ಸರಿಹೋಗುತ್ತದೆ. ತೂಕ ಇಳಿಸಿ. ಮದುವೆ ಮನೆಯಲ್ಲಿ ಎಷ್ಟೇ ಒತ್ತಾಯಿಸಿದರೂ ಮದ್ಯ ಬೇಡವೇ ಬೇಡ. ನಮ್ಮ ಕೊಡಗಿನ ಕಾಫಿ ಸಕ್ಕರೆಯಿಲ್ಲದೆ ಕುಡಿಯಿರಿ. ಕಾಫಿ ಕುಡಿಯುವವರಲ್ಲಿ ಸಿರೋಸಿಸ್ ಕಡಿಮೆ ಎಂದು ಹಲವು ಅಧ್ಯಯನಗಳು ಕಂಡಿವೆ.